ಎಣಿಕೆಗೆ ಸಿಕ್ಕ ಮೀನು, ಲೆಕ್ಕಕ್ಕೆ ಸಿಗದ ಸಂಚಾರ

ಹಾಳಾದ ಹೊಳೆಗಳನ್ನು ಮತ್ತೆ ಸರಿಪಡಿಸುವ ಕೆಲಸ ಉತ್ತರ ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಇಂದು ದೊಡ್ಡದೊಂದು ಉದ್ಯಮವಾಗಿ ಬೆಳೆದಿದೆ. ಆದರೆ ಅದರ ಯಶಸ್ಸನ್ನು ಅಳೆಯುವ ಮಾನದಂಡ ಮಾತ್ರ ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಮರದ ದಿಮ್ಮಿಗಳನ್ನೋ ಬಂಡೆಗಳನ್ನೋ ಅಡ್ಡ ಇರಿಸಿ ಮಡುಗಳನ್ನು ನಿರ್ಮಿಸಿದ ಜಾಗದಲ್ಲಿ ಟ್ರೌಟ್ ಮತ್ತು ಸಾಲ್ಮನ್ ಮರಿಗಳು ಮೊದಲಿಗಿಂತ ಹೆಚ್ಚಾಗಿ ಕಂಡುಬಂದರೆ ಕೆಲಸ ಫಲಿಸಿತೆಂದೂ ಕಂಡುಬರದಿದ್ದರೆ ಹಣ ನೀರಿಗೆ ಹೋಯಿತೆಂದೂ ತೀರ್ಮಾನಿಸುವುದು ಹಣ ಕೊಡುವ ಸಂಸ್ಥೆಗಳಿಗೂ ವರದಿ ಬರೆಯುವ ತಜ್ಞರಿಗೂ ರೂಢಿಯಾಗಿಬಿಟ್ಟಿದೆ. ಈ ತೀರ್ಮಾನದ ಅಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಎರಡು ನಂಬಿಕೆಗಳಿವೆ. ಒಂದು ಜಾಗದಲ್ಲಿ ಕಂಡ ಮರಿ ಆ ಜಾಗದ ಫಲವೇ ಆಗಿರುತ್ತದೆ ಎಂಬುದು ಮೊದಲನೆಯದು. ಆ ಜಾಗವನ್ನು ಬಿಟ್ಟುಹೋದ ಮರಿ ಸತ್ತಂತೆಯೇ ಎಂಬುದು ಎರಡನೆಯದು. ಎರಡೂ ತಪ್ಪು, ಮತ್ತು ಎರಡೂ ತಪ್ಪೆಂದು ತೋರಿಸುವ ಪುರಾವೆ ಮೂವತ್ತು ವರ್ಷಗಳಿಂದ ಕಣ್ಣೆದುರಿಗೇ ಇದೆ.

ಮೊದಲು ಈ ಮೀನುಗಳ ಪರಿಚಯ ಅಗತ್ಯ. ಸಾಲ್ಮನ್ ಮತ್ತು ಟ್ರೌಟ್‌ಗಳು ಒಂದೇ ಕುಟುಂಬಕ್ಕೆ ಸೇರಿದ, ತಣ್ಣೀರನ್ನು ಬಯಸುವ ಮೀನುಗಳು. ಭಾರತದಲ್ಲಿ ಕಾಶ್ಮೀರ ಮತ್ತು ನೀಲಗಿರಿಯ ತೊರೆಗಳಲ್ಲಿ ಇರುವ ಟ್ರೌಟ್‌ಗಳು ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟವುಗಳ ಸಂತತಿಯೇ ಹೊರತು ಇಲ್ಲಿನ ಮೂಲನಿವಾಸಿಗಳಲ್ಲ. ತಾಯಿಮೀನು ಹೊಳೆಯ ಜಲ್ಲಿಕಲ್ಲಿನ ತಳವನ್ನು ಬಾಲದಿಂದ ಕೆದಕಿ ಮೊಟ್ಟೆಯಿಡುತ್ತದೆ. ವಸಂತದಲ್ಲಿ ಹೊರಬಂದ ಮರಿ ಮೈಪಕ್ಕದಲ್ಲಿ ಬೆರಳಚ್ಚಿನಂಥ ಕಪ್ಪು ಪಟ್ಟೆಗಳನ್ನು ತಳೆದು, 'ಪಾರ್' ಎಂಬ ಹೆಸರಿನಿಂದ ಕರೆಯಿಸಿಕೊಂಡು, ಜಾತಿಗೆ ತಕ್ಕಂತೆ ಕೆಲವು ತಿಂಗಳಿಂದ ಕೆಲವು ವರ್ಷಗಳವರೆಗೆ ಸಿಹಿನೀರಿನಲ್ಲಿ ಬೆಳೆಯುತ್ತದೆ. ಕಡಲಿಗೆ ಹೋಗುವ ಜಾತಿಯದಾದರೆ ಅದರ ಮೈ ಒಂದು ಹಂತದಲ್ಲಿ ಬೆಳ್ಳಿಬಣ್ಣಕ್ಕೆ ತಿರುಗಿ ಉಪ್ಪುನೀರನ್ನು ತಾಳಿಕೊಳ್ಳಲು ಸಜ್ಜಾಗುತ್ತದೆ. ಆ ಹಂತದ ಮೀನಿಗೆ 'ಸ್ಮೋಲ್ಟ್' ಎಂದು ಹೆಸರು. ಹೊಳೆಯನ್ನು ಸರಿಪಡಿಸುವವರ ಗಮನವೆಲ್ಲ ಮೊಟ್ಟೆಗೂ ಸ್ಮೋಲ್ಟ್‌ಗೂ ನಡುವಿನ ಈ ಎಳೆಯ ಅವಧಿಯ ಮೇಲೆಯೇ ಇರುತ್ತದೆ, ಏಕೆಂದರೆ ಮಡು, ನೆರಳು, ಅಡಗುತಾಣಗಳ ಕೊರತೆ ಮರಿಗಳನ್ನು ಅತಿಯಾಗಿ ಬಾಧಿಸುವುದು ಆಗಲೇ.

ಈ ಕೆಲಸದ ಮೂಲಗ್ರಂಥವೆನ್ನಬಹುದಾದ ಕೈಪಿಡಿಯನ್ನು ಹಬ್ಸ್, ಗ್ರೀಲಿ ಮತ್ತು ಟಾರ್ಜ್‌ವೆಲ್ ಎಂಬ ಮೂವರು 1932ರಲ್ಲಿ ಮಿಶಿಗನ್ ರಾಜ್ಯದ ಟ್ರೌಟ್ ಹೊಳೆಗಳನ್ನು ಕುರಿತು ಹೊರತಂದರು; ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಸರ್ಕಾರ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಕಟ್ಟಿದ ದಳಗಳು ದಿಮ್ಮಿಯ ಒಡ್ಡುಗಳನ್ನು ಸಾವಿರಗಟ್ಟಲೆ ಹೊಳೆಗಳಿಗೆ ಇಳಿಸಿದವು. ಅವು ನಿಜವಾಗಿ ಮೀನನ್ನು ಹೆಚ್ಚಿಸಿದವೆ ಎಂಬ ಪ್ರಶ್ನೆ ಬಹುಕಾಲ ಗಂಭೀರವಾಗಿ ಏಳಲೇ ಇಲ್ಲ. 1980ಕ್ಕೆ ಹಿಂದಿನ ಅಂಕಿಅಂಶಗಳನ್ನು ಡಗ್ಲಸ್ ಥಾಂಪ್ಸನ್ 2006ರಲ್ಲಿ ಮತ್ತೆ ಪರಿಶೀಲಿಸಿದಾಗ, ಆ ರಚನೆಗಳ ಹೆಸರಿಗೆ ಸೇರಿದ್ದ ಕೀರ್ತಿಯನ್ನು ಹೊರುವಷ್ಟು ಬಲ ಆ ಅಂಕಿಗಳಿಗೆ ಇರಲಿಲ್ಲವೆಂಬುದು ಬಯಲಾಯಿತು.

ಕೀರ್ತಿ ಅಷ್ಟು ಸುಲಭವಾಗಿ ಅಂಟಿಕೊಂಡದ್ದಕ್ಕೆ ಒಂದು ಸಿದ್ಧಾಂತದ ಆಸರೆಯೂ ಇತ್ತು. ಇಂಡಿಯಾನಾದ ಶೆಲ್ಬಿ ಗರ್ಕಿಂಗ್ 1959ರಲ್ಲಿ, ಹೊಳೆಯ ಮೀನುಗಳು ತಮ್ಮ ಸಣ್ಣ ವಾಸದ ತುಣುಕನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲವೆಂದು ಪ್ರತಿಪಾದಿಸಿದರು. ಮುಂದೆ ಇದು 'ಸೀಮಿತ ಸಂಚಾರ'ದ ಪರಿಕಲ್ಪನೆಯೆಂದು ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಮೀನು ಕದಲುವುದಿಲ್ಲವೆಂದ ಮೇಲೆ ಒಂದು ತುಣುಕಿನಲ್ಲಿ ಅದರ ಸಂಖ್ಯೆ ಏರಿದ್ದಕ್ಕೆ ಆ ತುಣುಕಿನ ಗುಣವೇ ಕಾರಣವೆನ್ನುವುದು ಸಹಜವಾಗಿಯೇ ತೋರುತ್ತದೆ. ದೋಷವಿದ್ದದ್ದು ಪುರಾವೆಯನ್ನು ಕೂಡಿಹಾಕಿದ ಕ್ರಮದಲ್ಲಿ. ಸಂಶೋಧಕರು ಒಂದು ತುಣುಕಿನಲ್ಲಿ ಮೀನುಗಳಿಗೆ ಗುರುತು ಹಾಕಿ, ತಿಂಗಳುಗಳ ನಂತರ ಅದೇ ತುಣುಕಿಗೆ ಮರಳಿ, ಮತ್ತೆ ಸಿಕ್ಕ ಗುರುತಿನ ಮೀನುಗಳು ಹಾಕಿದಲ್ಲಿಯೇ ಇವೆಯೆಂದು ಬರೆದುಕೊಂಡರು. ಸಿಗದ ಮೀನುಗಳು, ಹಲವು ಅಧ್ಯಯನಗಳಲ್ಲಿ ಅವೇ ಬಹುಪಾಲು, ಲೆಕ್ಕದಿಂದಲೇ ಜಾರಿಹೋದವು. ಮನೆಯ ಜಗಲಿಯ ಮೇಲೆ ಕುಳಿತು, ಒಳಗಿದ್ದವರನ್ನಷ್ಟೇ ಎಣಿಸಿ, ಈ ಊರಿನವರು ಊರು ಬಿಡುವುದೇ ಇಲ್ಲವೆಂದು ಜನಗಣತಿಯ ಪುಸ್ತಕದಲ್ಲಿ ದಾಖಲಿಸಿದಂತಾಯಿತು ಇದು.

1994ರಲ್ಲಿ ಗೋವನ್, ಯಂಗ್, ಫಾಶ್ ಮತ್ತು ರೈಲಿ ಕೂಡಿ ಬರೆದ ವಿಮರ್ಶೆ ಈ ದೋಷವನ್ನೇ ಎತ್ತಿ ಹಿಡಿದು, ಟ್ರೌಟ್‌ಗಳು ನೆಲೆನಿಂತ ಜೀವಿಗಳೆಂಬ ಕಲ್ಪನೆಯ ಬುಡವನ್ನೇ ಅಲ್ಲಾಡಿಸಿತು. ರೊಡ್ರಿಗೆಜ್ 2002ರಲ್ಲಿ ಸಂಚಾರದ ಅಂತರಗಳನ್ನು ಗಣಿತದ ಮೂಲಕ ವಿಶ್ಲೇಷಿಸಿ, ಹಳೆಯ ಪರಿಕಲ್ಪನೆ ಅಪೂರ್ಣವೇ ಹೊರತು ಪೂರ್ತಿ ಕಳೆದುಹೋಗಿಲ್ಲವೆಂದು ತಿದ್ದುಪಡಿ ಸೂಚಿಸಿದರು. ಆ ತಿದ್ದುಪಡಿ ನ್ಯಾಯವಾದದ್ದೇ, ಏಕೆಂದರೆ ಹೊಳೆಯಲ್ಲಿ ನಿಲ್ಲುವ ಮೀನೂ ಉಂಟು, ಅಲೆಯುವ ಮೀನೂ ಉಂಟು. ಆದರೆ ವಿಜ್ಞಾನಿಗಳು ತಮ್ಮತಮ್ಮೊಳಗೆ ಇಷ್ಟನ್ನೆಲ್ಲ ವಾದಿಸಿ ಇತ್ಯರ್ಥಕ್ಕೆ ಬರುತ್ತಿರುವಾಗ, ಹೊಳೆಗೆ ದಿಮ್ಮಿ ಇಳಿಸುವವರ ಮಾಪನ ಪದ್ಧತಿ ಮಾತ್ರ ಗರ್ಕಿಂಗ್ ಕಾಲದಲ್ಲಿಯೇ ಉಳಿಯಿತು. ಸಿದ್ಧಾಂತ ಅಲುಗಾಡಿದ ಮೇಲೂ ಅದರ ಮೇಲೆ ಕಟ್ಟಿದ ಲೆಕ್ಕಪತ್ರ ನಿಂತೇ ಇದೆ.

ಆ ಲೆಕ್ಕಪತ್ರ ಎಷ್ಟು ದಾರಿ ತಪ್ಪಿಸಬಲ್ಲದೆಂಬುದಕ್ಕೆ ಸರಳ ಅಂಕಗಣಿತವೇ ಸಾಕು. ಪಕ್ಕಪಕ್ಕದ ಎರಡು ತುಣುಕುಗಳಲ್ಲಿ ತಲಾ 100 ಮರಿಗಳಿವೆಯೆಂದೂ, ಒಂದನ್ನು ಸರಿಪಡಿಸಿ ಇನ್ನೊಂದನ್ನು ಹೋಲಿಕೆಗಾಗಿ ಹಾಗೆಯೇ ಬಿಡಲಾಗಿದೆಯೆಂದೂ, ಹೋಲಿಕೆಯ ತುಣುಕಿನಿಂದ 20 ಮರಿಗಳು ಹೊಸ ಮಡುವಿಗೆ ಸರಿದವೆಂದೂ ಊಹಿಸೋಣ. ಈಗ ಒಂದರಲ್ಲಿ 120, ಇನ್ನೊಂದರಲ್ಲಿ 80. ವರದಿಯ ಭಾಷೆಯಲ್ಲಿ ಸರಿಪಡಿಸಿದ ತುಣುಕಿನ ಸಾಂದ್ರತೆ ಶೇ. 50ರಷ್ಟು ಮೇಲು. ಹೊಳೆಯಲ್ಲಿ ಹೊಸದಾಗಿ ಹುಟ್ಟಿದ ಮರಿ ಒಂದೂ ಇಲ್ಲ, ಬದುಕುಳಿದದ್ದು ಹೆಚ್ಚಿಲ್ಲ, ಕಡಲಿಗೆ ಹೋಗುವ ಸಂಖ್ಯೆಯೂ ಏರಿಲ್ಲ. ವೈಜ್ಞಾನಿಕ ಶಿಸ್ತಿನ ಗುರುತೆಂದು ಹೊಗಳಿಸಿಕೊಳ್ಳುವ ಹೋಲಿಕೆಯ ತುಣುಕೇ, ಅದು ಪಕ್ಕದಲ್ಲಿದೆ ಎಂಬ ಒಂದೇ ಕಾರಣಕ್ಕಾಗಿ, ತಪ್ಪನ್ನು ಇಮ್ಮಡಿ ಮಾಡಿಬಿಡುತ್ತದೆ. ಮೀನು ಎಣಿಸುವಾಗ ತುಣುಕಿನ ಎರಡೂ ತುದಿಗೆ ಬಲೆ ಕಟ್ಟಿ, ವಿದ್ಯುತ್ತಿನಿಂದ ಮೀನನ್ನು ಮಂಕುಗೊಳಿಸಿ ಹಿಡಿಯುವ ಪದ್ಧತಿಯೂ ಇಲ್ಲಿ ರಕ್ಷಣೆಗೆ ಬರುವುದಿಲ್ಲ: ಬಲೆ ಆ ದಿನದ ಸಂಚಾರವನ್ನು ತಡೆಯುತ್ತದೆ, ಬಲೆ ಇಲ್ಲದ ಉಳಿದ ದಿನಗಳ ಸಂಚಾರವನ್ನಲ್ಲ.

ಇದು ಬರಿಯ ಊಹೆಯ ಆಟವಲ್ಲ. ಉತ್ತರ ಕೊಲೊರಾಡೊದ ಆರು ಬೆಟ್ಟದ ಹೊಳೆಗಳಲ್ಲಿ ಗೋವನ್ ಮತ್ತು ಫಾಶ್ ನಡೆಸಿ 1996ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನ ಇಂಥ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಪ್ರತಿ ಹೊಳೆಯಲ್ಲಿ 250 ಮೀಟರ್ ಉದ್ದದ ತುಣುಕಿಗೆ ದಿಮ್ಮಿಗಳನ್ನು ಅಡ್ಡ ಹಾಕಿ ಮಡುಗಳನ್ನು ಮಾಡಿ, ಪಕ್ಕದ ಅಷ್ಟೇ ಉದ್ದದ ತುಣುಕನ್ನು ಹಾಗೆಯೇ ಬಿಟ್ಟು, ಮೀನುಗಳಿಗೆ ಗುರುತು ಹಾಕಿ ವರ್ಷಗಟ್ಟಲೆ ಹಿಂಬಾಲಿಸಲಾಯಿತು. ದಿಮ್ಮಿ ಹಾಕಿದ ತುಣುಕುಗಳಲ್ಲಿ ದೊಡ್ಡ ಟ್ರೌಟ್‌ಗಳ ಸಂಖ್ಯೆಯೂ ತೂಕವೂ ಏರಿದವು. ಎಣಿಕೆಯಲ್ಲಿಯೇ ನಿಂತಿದ್ದರೆ ಅದು ನಿಸ್ಸಂದೇಹವಾದ ವಿಜಯವೆಂದು ದಾಖಲಾಗುತ್ತಿತ್ತು. ಗುರುತುಗಳು ಬೇರೆ ಕಥೆಯನ್ನು ಹೇಳಿದವು: ಏರಿಕೆಗೆ ಮುಖ್ಯ ಕಾರಣ ಹೊರಗಿನಿಂದ ಬಂದ ಮೀನುಗಳು, ಮರಿಗಳ ಸೇರ್ಪಡೆಯಲ್ಲಾಗಲಿ, ಬದುಕುಳಿಯುವ ಪ್ರಮಾಣದಲ್ಲಾಗಲಿ, ಬೆಳವಣಿಗೆಯಲ್ಲಾಗಲಿ ಜೈವಿಕವಾಗಿ ಮಹತ್ವದ ವ್ಯತ್ಯಾಸವಿರಲಿಲ್ಲ. ಸಂಚಾರ ಎಲ್ಲ ಹೊಳೆಗಳಲ್ಲಿಯೂ ಸಾಮಾನ್ಯವಾಗಿತ್ತು.

ರೂಢಿಯ ಪಕ್ಷದವರು ಇದಕ್ಕೆ ಕೊಡುವ ಉತ್ತರಗಳಲ್ಲಿ ಒಂದು ಗಟ್ಟಿಯಾದದ್ದು, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಹೊರಗೆ ನೆಲೆಯಿಲ್ಲದೆ ಅಲೆಯುತ್ತಿದ್ದ ಮೀನಿಗೆ ಮಡು ದೊರೆಯದೆ ಹೋಗಿದ್ದರೆ ಅದು ಸಾಯುತ್ತಿತ್ತು. ಆದ್ದರಿಂದ ಬಂದು ಸೇರಿದ ಮೀನೂ ಹೊಳೆಯ ಒಟ್ಟು ಧಾರಣಶಕ್ತಿಗೆ, ಅಂದರೆ ಹೊಳೆ ಸಾಕಬಲ್ಲ ಮೀನಿನ ಮಿತಿಗೆ, ಕೂಡಿದ ಲಾಭವೇ ಎಂಬುದು ಅವರ ವಾದ. ಅದೇ ಕೊಲೊರಾಡೊ ಹೊಳೆಗಳಲ್ಲಿ ಐದಕ್ಕೆ ಎರಡು ದಶಕಗಳ ನಂತರ ಮರಳಿದ ಸಂಶೋಧಕರು, 2011ರ ವರದಿಯಲ್ಲಿ, ದಿಮ್ಮಿಗಳು ಇನ್ನೂ ಕೆಲಸ ಮಾಡುತ್ತಿದ್ದುದನ್ನೂ ದೊಡ್ಡ ಟ್ರೌಟ್‌ಗಳು ಅಲ್ಲಿ ಇನ್ನೂ ಹೆಚ್ಚಿದ್ದುದನ್ನೂ ದಾಖಲಿಸಿದ್ದಾರೆ. ವಾದ ಸಾಧ್ಯವಾದದ್ದೇ. ಆದರೆ ಸಾಧ್ಯವಾದದ್ದಕ್ಕೂ ಸಾಬೀತಾದದ್ದಕ್ಕೂ ಅಂತರವಿದೆ: ಬಂದ ಮೀನು ಅಲ್ಲಿ ಬರದಿದ್ದರೆ ಸಾಯುತ್ತಿತ್ತೋ ಇನ್ನೊಂದು ಮಡುವಿನಲ್ಲಿ ಸುಖವಾಗಿರುತ್ತಿತ್ತೋ ಎಂಬುದು ಸರಿಪಡಿಸಿದ ತುಣುಕಿನ ಎಣಿಕೆಯಿಂದ ಎಂದಿಗೂ ತಿಳಿಯುವಂತಹುದಲ್ಲ, ಅದು ಬಿಟ್ಟುಬಂದ ಜಾಗದ ಲೆಕ್ಕದಿಂದ ಮಾತ್ರ ತಿಳಿಯುತ್ತದೆ. ಈ ವಾದವನ್ನು ಮುಂದಿಡುವವರು ಸಂಚಾರವನ್ನು ಅಳೆಯಬೇಕೆಂಬ ಬೇಡಿಕೆಯನ್ನು ತಾವೇ ಬಲಪಡಿಸುತ್ತಿದ್ದಾರೆ.

ಎರಡನೆಯ ಉತ್ತರ ಅಂಕಿಗಳ ರಾಶಿಯದು. 211 ಯೋಜನೆಗಳ ದತ್ತಾಂಶವನ್ನು ಒಟ್ಟುಗೂಡಿಸಿ ವೈಟ್‌ವೇ ಮತ್ತು ಸಂಗಡಿಗರು 2010ರಲ್ಲಿ ನಡೆಸಿದ ವಿಶ್ಲೇಷಣೆ, ರಚನೆಗಳಿದ್ದಲ್ಲಿ ಸಾಲ್ಮನ್ ಕುಟುಂಬದ ಮೀನುಗಳ ಸಾಂದ್ರತೆ ಸ್ಪಷ್ಟವಾಗಿ ಹೆಚ್ಚಿದುದನ್ನು ತೋರಿಸಿತು. ಆ ವಿಶ್ಲೇಷಣೆಯ ಪ್ರಾಮಾಣಿಕತೆಯನ್ನು ಸಂಶಯಿಸಬೇಕಾಗಿಲ್ಲ. ಅದನ್ನು ಉದ್ಧರಿಸುವವರ ಅವಸರವನ್ನು ಸಂಶಯಿಸಬೇಕು. ಒಂದು ಯೋಜನೆಯ ಸಾಂದ್ರತೆ ಬರಿಯ ಜಾಗಬದಲಾವಣೆಯನ್ನು ತೋರಿಸುತ್ತಿರಬಹುದಾದರೆ, ಅಂಥ 211ನ್ನು ಕೂಡಿಸಿದ ಮಾತ್ರಕ್ಕೆ ಆ ಸಂಶಯ ಕರಗುವುದಿಲ್ಲ. ಒಂದು ಜಾಗದಲ್ಲಿನ ಪ್ರಾಣಿಗಳ ದಟ್ಟಣೆ ಆ ಜಾಗದ ಗುಣಮಟ್ಟಕ್ಕೆ ನಂಬಲರ್ಹ ಸೂಚಕವಲ್ಲವೆಂದು ಬಿಯಾಟ್ರಿಸ್ ವ್ಯಾನ್ ಹಾರ್ನ್ 1983ರಲ್ಲಿಯೇ ಎಚ್ಚರಿಸಿದ್ದರು. ಬಲಶಾಲಿ ಮರಿಗಳು ಒಳ್ಳೆಯ ಮಡುವನ್ನು ಹಿಡಿದು ಕಾಯುತ್ತ ಉಳಿದವನ್ನು ಅಟ್ಟುವ ಸ್ವಭಾವದ ಈ ಮೀನುಗಳಲ್ಲಿ ಆ ಎಚ್ಚರಿಕೆ ಇನ್ನಷ್ಟು ಸಲ್ಲುತ್ತದೆ: ಅಟ್ಟಿಸಿಕೊಂಡ ಮರಿಗಳೇ ಕಳಪೆ ಜಾಗದಲ್ಲಿ ಗುಂಪುಗೂಡಿ ಅಲ್ಲಿ ದಟ್ಟಣೆಯನ್ನು ಏರಿಸಬಲ್ಲವು.

ಇಲ್ಲಿಯವರೆಗಿನ ಮಾತು ಬಂದ ಮೀನಿನದು. ಬಿಟ್ಟುಹೋದ ಮೀನಿನ ವಿಷಯದಲ್ಲಿ ರೂಢಿಯ ತಪ್ಪು ಇನ್ನೂ ದೊಡ್ಡದು, ಅದರ ಪರಿಣಾಮವೂ ಹೆಚ್ಚು ಹಾನಿಕರ. ಆರೆಗಾನ್ ರಾಜ್ಯದ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಮರಿಗಳು ವಸಂತದಲ್ಲಿಯೇ ದೊಡ್ಡ ಸಂಖ್ಯೆಯಲ್ಲಿ ಕೆಳಮುಖವಾಗಿ ಹೋಗುವುದನ್ನು ಗಮನಿಸಿದ ಚಾಪ್ಮನ್ 1962ರಲ್ಲಿ, ಬಲಿಷ್ಠ ಮರಿಗಳ ಆಕ್ರಮಣವೇ ಈ ನಿರ್ಗಮನಕ್ಕೆ ಕಾರಣವೆಂದು ವಿವರಿಸಿದರು. ಅಲೆಮಾರಿಗಳೆಂದು ಕರೆಸಿಕೊಂಡ ಈ ಮರಿಗಳು ಹೊಳೆಗೆ ಹೆಚ್ಚಾದವು, ಕಡಲಿನ ಉಪ್ಪಿಗೆ ಬಲಿಯಾಗುವಂಥವು ಎಂಬ ಭಾವನೆ ಮುಂದೆ ಗಟ್ಟಿಯಾಯಿತು. ದುರ್ಬಲವಾದದ್ದೇ ಹೊರಡುತ್ತದೆ ಎಂಬ ಈ ಭಾವನೆಯನ್ನು ಕಾಹ್ಲರ್, ರೋನಿ ಮತ್ತು ಕ್ವಿನ್ ವಾಷಿಂಗ್ಟನ್ ರಾಜ್ಯದ ಮೂರು ಸಣ್ಣ ಹೊಳೆಗಳಲ್ಲಿ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೀನುಗಳು ತೀರ ನೆಲೆನಿಂತಿರುತ್ತವೆ ಎನ್ನಲಾಗುವ ಬೇಸಿಗೆಯಲ್ಲಿಯೇ ಗುರುತಿನ ಕೋಹೋ ಮರಿಗಳಲ್ಲಿ ಶೇ. 28ರಿಂದ 60ರಷ್ಟು ಒಂದು ಮಡುವಿನಿಂದ ಇನ್ನೊಂದಕ್ಕೆ ಸರಿದಿದ್ದವು, ಅದೂ ಹೆಚ್ಚಾಗಿ ಹರಿವಿಗೆ ಎದುರಾಗಿ. ಸರಿದವು ನಿಂತವುಗಳಿಗಿಂತ ಸಣ್ಣವಾಗಿರಲಿಲ್ಲ, ಬದಲಿಗೆ ಬೇಗ ಬೆಳೆದವು. ವಾಷಿಂಗ್ಟನ್ನಿನದೇ ಕ್ಲಿಯರ್‌ವಾಟರ್ ನದಿಯಲ್ಲಿ ಶರತ್ಕಾಲದ ಪ್ರವಾಹದೊಡನೆ ಕೋಹೋ ಮರಿಗಳು 33 ಕಿಲೋಮೀಟರ್‌ವರೆಗೆ ಕೆಳಗಿಳಿದು ನದಿಯ ಮಗ್ಗುಲಿನ ಕೊಳಗಳನ್ನು ಹೊಕ್ಕು ಚಳಿಗಾಲ ಕಳೆದುದನ್ನು ಪೀಟರ್ಸನ್ 1982ರಲ್ಲಿಯೇ ತೋರಿಸಿದ್ದರು. ಅಟ್ಲಾಂಟಿಕ್ ಸಾಲ್ಮನ್ನಿನಲ್ಲಿಯೂ ಇದು ಹೊಸ ಸುದ್ದಿಯಲ್ಲ. ಸ್ಕಾಟ್ಲೆಂಡಿನ ಗಿರ್ನಕ್ ಹೊಳೆಯಲ್ಲಿಯೂ ಇಂಗ್ಲೆಂಡಿನ ಫ್ರೋಮ್ ನದಿಯಲ್ಲಿಯೂ ಪಾರ್‌ಗಳು ಶರತ್ಕಾಲದಲ್ಲಿಯೇ ಕೆಳಗಿಳಿಯುತ್ತವೆ.

ಎಲ್ಲಕ್ಕಿಂತ ಸ್ಪಷ್ಟವಾದ ಪುರಾವೆ ಆರೆಗಾನ್ ಕರಾವಳಿಯ ಸಾಲ್ಮನ್ ಎಂಬ ಹೆಸರಿನದೇ ಒಂದು ನದಿಯದು. ಅದರ ಅಳಿವೆಯ ಜೌಗುಭೂಮಿಯನ್ನು ಹಿಂದೆ ಮಣ್ಣಿನ ಒಡ್ಡುಗಳಿಂದ ಕಡಲಿನ ಉಬ್ಬರವಿಳಿತಕ್ಕೆ ಮುಚ್ಚಲಾಗಿತ್ತು. 1978, 1987 ಮತ್ತು 1996ರಲ್ಲಿ ಹಂತಹಂತವಾಗಿ ಒಡ್ಡುಗಳನ್ನು ತೆಗೆದ ಮೇಲೆ ನೀರು ಮತ್ತೆ ಆಡತೊಡಗಿತು. ಮೊಟ್ಟೆಯೊಡೆದು ಹೊರಬಂದ ಕೂಡಲೇ ಕೋಹೋ ಮರಿಗಳು ವಸಂತದಲ್ಲಿ ಅಲ್ಲಿಗಿಳಿದವು. ಕೆಲವು ಬೇಸಿಗೆಯುದ್ದಕ್ಕೂ, ಲೀಟರಿಗೆ 20 ಗ್ರಾಮಿಗೂ ಮೀರಿದ ಉಪ್ಪಿನಲ್ಲಿ, ಅಲ್ಲಿಯೇ ಉಳಿದವು. ಮೇಲಿನ ಹೊಳೆಯಲ್ಲಿ ಬೇಸಿಗೆ ಕಳೆದ ಇನ್ನಷ್ಟು ಮರಿಗಳು ಶರತ್ಕಾಲದಲ್ಲಿಯೂ ಚಳಿಗಾಲದಲ್ಲಿಯೂ ಕೆಳಗಿಳಿದು ಅಳಿವೆಯಲ್ಲಿ ಸೇರಿಕೊಂಡವು. ಮೊಟ್ಟೆಯಿಡಲು ಮರಳಿದ ದೊಡ್ಡ ಮೀನುಗಳ ಮೈಯಲ್ಲಿದ್ದ ಗುರುತುಗಳನ್ನೂ, ಪದರಪದರವಾಗಿ ಬೆಳೆಯುತ್ತ ಮೀನಿನ ಜೀವನಚರಿತ್ರೆಯನ್ನು ತನ್ನೊಳಗೆ ಬರೆದಿಟ್ಟುಕೊಳ್ಳುವ ಕಿವಿಗಲ್ಲನ್ನೂ ಪರಿಶೀಲಿಸಿದ ಜೋನ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದಂತೆ, ನಾಲ್ಕು ಪೀಳಿಗೆಗಳಲ್ಲಿ ಮರಳಿದವುಗಳ ಪೈಕಿ ಶೇ. 20ರಿಂದ 35ರಷ್ಟು ಮರಿಯಾಗಿದ್ದಾಗ ಅಳಿವೆಯನ್ನು ಆಶ್ರಯಿಸಿದ್ದವು. ಮೇಲಿನ ಹೊಳೆಯಲ್ಲಿ ನಿಂತು ಎಣಿಸಿದ್ದರೆ ಇವೆಲ್ಲ ಸತ್ತವುಗಳ ಪಟ್ಟಿಯಲ್ಲಿ ಇರುತ್ತಿದ್ದವು. ನಷ್ಟವೆಂದು ಬರೆದುಕೊಂಡ ಮೀನೇ ಮುಂದಿನ ಪೀಳಿಗೆಯ ತಾಯಿತಂದೆಯಾಗಿ ಮರಳಿತು.

ಈ ತಪ್ಪು ಎಣಿಕೆದಾರರ ಸಲಕರಣೆಯಲ್ಲಿಯೇ ಅಡಕವಾಗಿದೆ. ಹೊರಹೋಗುವ ಸ್ಮೋಲ್ಟ್‌ಗಳನ್ನು ಹಿಡಿಯುವ ತಿರುಗುಬೋನುಗಳನ್ನು ಬಹುತೇಕ ವಸಂತದಲ್ಲಿ ಮಾತ್ರ ನೀರಿಗೆ ಇಳಿಸುತ್ತಾರೆ; ಶರತ್ಕಾಲದಲ್ಲಿ ಹೊರಟ ಮರಿ ಬೋನಿಗೂ ಸಿಗದೆ, ಮುಂದಿನ ಎಣಿಕೆಗೂ ಸಿಗದೆ, 'ಚಳಿಗಾಲದ ಸಾವು' ಎಂಬ ಕಲಮಿಗೆ ಸೇರುತ್ತದೆ. ಒಂದು ತುಣುಕಿನಲ್ಲಿ ಗುರುತಿನ ಮೀನು ಮತ್ತೆ ಸಿಗುವ ಪ್ರಮಾಣವನ್ನು ಸಂಖ್ಯಾಶಾಸ್ತ್ರದಲ್ಲಿ 'ತೋರಿಕೆಯ ಉಳಿವು' ಎನ್ನುತ್ತಾರೆ, ಏಕೆಂದರೆ ಅದರಲ್ಲಿ ಸಾವೂ ವಲಸೆಯೂ ಬೇರ್ಪಡದಂತೆ ಕಲಸಿಕೊಂಡಿರುತ್ತವೆ. ತೋರಿಕೆಯೆಂಬ ವಿಶೇಷಣ ವರದಿಯ ಸಾರಾಂಶಕ್ಕೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಉದುರಿಹೋಗಿರುತ್ತದೆ.

ಸಂಚಾರ ಋತುಮಾನದ್ದಷ್ಟೇ ಅಲ್ಲ, ದಿನದ್ದೂ ಆಗಬಹುದು. ಅಲಾಸ್ಕದ ಬೇರ್ ಕ್ರೀಕ್ ಎಂಬ ಹೊಳೆಯಲ್ಲಿ ಕೋಹೋ ಮರಿಗಳು ರಾತ್ರಿ ತಣ್ಣೀರಿನ ಭಾಗದಲ್ಲಿ ಸಾಕ್‌ಐ ಸಾಲ್ಮನ್ನಿನ ಮೊಟ್ಟೆಗಳನ್ನು ಹೊಟ್ಟೆತುಂಬ ತಿಂದು, ಜೀರ್ಣಿಸಿಕೊಳ್ಳಲು 350ರಿಂದ 1300 ಮೀಟರ್ ದೂರದ ಬೆಚ್ಚನೆಯ ಭಾಗಕ್ಕೆ ಹೋಗುತ್ತವೆಂದು ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದರು. ಹಾಗೆ ಓಡಾಡಿದ ಮರಿಗಳೇ ಚೆನ್ನಾಗಿ ಬೆಳೆದವು. ಇಂಥ ಹೊಳೆಯಲ್ಲಿ ಹಗಲಿನಲ್ಲಿ ಮುಳುಗು ಕನ್ನಡಕ ಹಾಕಿ ಎಣಿಸಿದವರು ಉಣ್ಣುವ ಜಾಗವನ್ನು ನಿರುಪಯುಕ್ತವೆಂದೂ ಮಲಗುವ ಜಾಗವನ್ನೇ ಸರ್ವಸ್ವವೆಂದೂ ಬರೆದಾರು. ಆ ಬರಹವನ್ನು ನಂಬಿದ ಎಂಜಿನಿಯರು ದಿಮ್ಮಿಗಳನ್ನೆಲ್ಲ ಒಂದೇ ಕಡೆ ಸುರಿದಾನು. ಮರಿಗೆ ಬೇಕಾದದ್ದು ಎರಡೂ ಜಾಗ ಮತ್ತು ಅವುಗಳ ನಡುವಿನ ತೆರೆದ ದಾರಿ. ರಸ್ತೆಯ ಅಡಿಯ ಕೊಳವೆಮೋರಿಗಳನ್ನು ಬದಲಿಸುವಾಗಲೂ ಈ ದಾರಿಯನ್ನು ಮರೆಯಬಾರದು. ಮೀನಿಗೆ ಅಡ್ಡವಾದ ಮೋರಿಗಳನ್ನು ವಾಷಿಂಗ್ಟನ್ ರಾಜ್ಯ ಸರಿಪಡಿಸಲೇಬೇಕೆಂಬ ಕೆಳಗಿನ ನ್ಯಾಯಾಲಯದ ಆದೇಶ 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 4–4ರ ಸಮಬಲದಿಂದ ಉಳಿದುಕೊಂಡಿತು. ಆದರೆ ಮೊಟ್ಟೆಯಿಡಲು ಬರುವ ದೊಡ್ಡ ಮೀನು ನೆಗೆದು ದಾಟುವ ಮೆಟ್ಟಿಲು ಬೆರಳುದ್ದದ ಮರಿಗೆ ಗೋಡೆಯೇ.

ಸಂಚಾರವನ್ನು ಅಳೆಯುವುದು ದುಬಾರಿ, ಎಲ್ಲ ಯೋಜನೆಗಳಿಗೂ ಸಾಧ್ಯವಿಲ್ಲ ಎಂಬುದು ಕೊನೆಯ ಆಕ್ಷೇಪ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಬ್ಯಾಟರಿಯಿಲ್ಲದ ಗಾಜಿನ ಗುರುತನ್ನು ಮರಿಯ ಹೊಟ್ಟೆಯೊಳಗೆ ಇರಿಸಿ, ಹೊಳೆಗೆ ಅಡ್ಡಲಾಗಿ ಹಾಕಿದ ತಂತಿಯ ಆಂಟೆನಾದಿಂದ ಅದರ ಸಂಖ್ಯೆಯನ್ನು ಓದುವ ಪಿಐಟಿ ತಂತ್ರ 1980ರ ದಶಕದಿಂದ ಬಳಕೆಯಲ್ಲಿದೆ. ಫ್ರೋಮ್ ನದಿಯಲ್ಲಿ 2005ರಿಂದ ವರ್ಷಕ್ಕೆ ಸುಮಾರು 10,000 ಪಾರ್‌ಗಳಿಗೆ ಇಂಥ ಗುರುತು ಹಾಕಲಾಗುತ್ತಿದೆ. ಅಗ್ಗವಲ್ಲ, ನಿಜ. ಆದರೆ ಬರ್ನ್‌ಹಾರ್ಟ್ ಮತ್ತು ಸಂಗಡಿಗರು 2005ರಲ್ಲಿ ಅಮೆರಿಕದ 37,000ಕ್ಕೂ ಹೆಚ್ಚು ನದಿ ಯೋಜನೆಗಳನ್ನು ಪಟ್ಟಿಮಾಡಿದಾಗ, 1990ರಿಂದ ವರ್ಷಕ್ಕೆ ನೂರು ಕೋಟಿ ಡಾಲರಿಗೂ ಮಿಕ್ಕಿ ಖರ್ಚಾಗಿದೆಯೆಂದೂ, ಯಾವುದಾದರೂ ಬಗೆಯ ಪರಿಶೀಲನೆಯ ಸುಳಿವು ಶೇ. 10ರಷ್ಟು ದಾಖಲೆಗಳಲ್ಲಿ ಮಾತ್ರ ಇದೆಯೆಂದೂ ಕಂಡುಬಂತು. ಕಟ್ಟಲು ಹಣವಿದ್ದು ನೋಡಲು ಹಣವಿಲ್ಲವೆನ್ನುವುದನ್ನು ಬಡತನವೆನ್ನಲಾಗದು.

ನೋಡಿದವರಿಗೆ ಉತ್ತರವೂ ಸಿಕ್ಕಿದೆ, ಮತ್ತು ಅದು ಎಲ್ಲ ಕಡೆಯೂ ದಿಮ್ಮಿಗಳಿಗೆ ಪ್ರತಿಕೂಲವಾಗಿಲ್ಲ. ವಾಷಿಂಗ್ಟನ್ನಿನ ಎಂಟಿಯಾಟ್ ನದಿಯಲ್ಲಿ ಪೊಲಿವ್ಕಾ ಮತ್ತು ಕ್ಲೇಸನ್ ಸರಿಪಡಿಸಿದ ಮಡುಗಳನ್ನಷ್ಟೇ ಎಣಿಸದೆ, ಅದೇ ಭಾಗದ ಸರಿಪಡಿಸದ ಮಡುಗಳನ್ನೂ ಕೆಲಸವೇ ನಡೆಯದ ಬೇರೆ ಭಾಗದ ಮಡುಗಳನ್ನೂ ಹೋಲಿಸಿದರು. ಹೊಸ ಮಡುಗಳು ನೆರೆಯಿಂದ ಮರಿಗಳನ್ನು ಸೆಳೆದಿದ್ದರೆ ನೆರೆಯ ಮಡುಗಳು ಬರಿದಾಗಬೇಕಿತ್ತು, ಆಗಲಿಲ್ಲ. ಚಿನೂಕ್ ಸಾಲ್ಮನ್ನಿನ ಮತ್ತು ಸ್ಟೀಲ್‌ಹೆಡ್ಡಿನ, ಅಂದರೆ ಕಡಲಿಗೆ ಹೋಗಿಬರುವ ಮಳೆಬಿಲ್ಲು ಟ್ರೌಟಿನ, ಆ ವರ್ಷದ ಮರಿಗಳಿಗೆ ಅಲ್ಲಿ ನೆಲೆ ನಿಜವಾಗಿಯೂ ಹೆಚ್ಚಿದೆಯೆಂದು ಅವರು 2020ರಲ್ಲಿ ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಈ ಹೋಲಿಕೆಯಿಂದ. ಆರೆಗಾನಿನ ಬ್ರಿಜ್ ಕ್ರೀಕ್‌ನಲ್ಲಿ ಬೀವರ್ ಎಂಬ ಪ್ರಾಣಿ ಕಟ್ಟುವ ಒಡ್ಡುಗಳನ್ನು ಹೋಲುವ 121 ರಚನೆಗಳನ್ನು ನೆಟ್ಟ ಬೌವೆಸ್ ಮತ್ತು ಸಂಗಡಿಗರು, ಇನ್ನೊಂದು ಹೊಳೆಯನ್ನು ಹೋಲಿಕೆಗೆ ಇಟ್ಟುಕೊಂಡು, ಗುರುತಿನ ಮೀನುಗಳ ಜಾಡು ಹಿಡಿದು, ಸ್ಟೀಲ್‌ಹೆಡ್ ಮರಿಗಳ ಸಾಂದ್ರತೆಯ ಜೊತೆಗೆ ಉಳಿವೂ ಉತ್ಪಾದನೆಯೂ ಏರಿದುದನ್ನೂ ಒಡ್ಡುಗಳು ಸಂಚಾರಕ್ಕೆ ಅಡ್ಡಿಯಾಗದುದನ್ನೂ 2016ರಲ್ಲಿ ತೋರಿಸಿದರು. ಈ ಎರಡು ಹೊಳೆಗಳಲ್ಲಿ ಫಲ ನಿಜ, ಕೊಲೊರಾಡೊದಲ್ಲಿ ಫಲದ ಸ್ವರೂಪ ಬೇರೆ. ಸಾಂದ್ರತೆಯ ಕೋಷ್ಟಕದಲ್ಲಿ ಮಾತ್ರ ಮೂರೂ ಒಂದೇ ಬಗೆಯ ಏರಿಕೆಗಳಾಗಿ ಕಾಣುತ್ತವೆ.

ಆದ್ದರಿಂದ ಹಣ ಕೊಡುವ ಸಂಸ್ಥೆಗಳು ಇನ್ನು ಮುಂದೆ ಕೇಳಬೇಕಾದದ್ದು ಮಡುವಿನಲ್ಲಿ ಎಷ್ಟು ಮರಿಗಳಿದ್ದವು ಎಂದಲ್ಲ. ಅವು ಎಲ್ಲಿಂದ ಬಂದವು, ಬಿಟ್ಟುಬಂದ ಜಾಗ ಏನಾಯಿತು, ಹೊರಟವು ಎಲ್ಲಿಗೆ ಹೋದವು, ಅವುಗಳಲ್ಲಿ ಎಷ್ಟು ಮರಳಿದವು ಎಂದು. ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಬರಿಯ ಸಾಂದ್ರತೆಯನ್ನು ಹೊತ್ತುಬರುವ ವರದಿಯನ್ನು ಕಾಮಗಾರಿ ಮುಗಿದ ವರದಿಯೆಂದು ಸ್ವೀಕರಿಸಬಹುದು. ಹೊಳೆ ಚೇತರಿಸಿಕೊಂಡ ವರದಿಯೆಂದು ಸ್ವೀಕರಿಸಬಾರದು.